ಹಲ್ಲಿದ್ದ ಕಾಲದ ಗಂಗಾಧರ

ಮುಚ್ಚಳ ಹಾಕುವ ಮುಂಚೆ ಕಾರ್ಡನ್ನು ಹೆಣದ ಎದೆಯ ಮೇಲಿಡಲು ನಾರ್ಬರ್ಟ್ ಕೈ ಚಾಚಿದರು. ಚಿತಾಗಾರದ ನೌಕರ ತಡೆದ. ಮನೆಯವರು ಒಪ್ಪಿದರೆ ಮಾತ್ರ ಅಂದ. ನಾರ್ಬರ್ಟ್ ಅಕ್ಷಯಾಳ ಕಡೆ ತಿರುಗಿದರು.

ಅಪ್ಪ ಗಂಗಾಧರ ಸತ್ತದ್ದು ಹೃದಯ ನಿಂತು. ಆದರೆ ಕೋವಿಡ್ ಕಾಲ, ಕೌಲಾಲಂಪುರದ ಆ ಚಿತಾಗಾರದೊಳಗೆ ಬಿಟ್ಟದ್ದು ಮೂವರನ್ನೇ: ಅಮ್ಮ ಗುಲಾಬಿ, ಅಕ್ಷಯಾ, ಮತ್ತು ಒಂದು ಕಾಲಕ್ಕೆ ಅಪ್ಪನ ಹಾಕಿ ತಂಡದಲ್ಲಿದ್ದ ಮಂಗಳೂರು ಮೂಲದ ಈ ನಾರ್ಬರ್ಟ್.

ಕಾರ್ಡು ಹಿಂದೆ ಚಹಾ ಪೊಟ್ಟಣದಲ್ಲಿ ಬರುತ್ತಿದ್ದಂಥದ್ದು, ಆಟಗಾರರ ಚಿತ್ರದ್ದು. ಮೂಲೆಗಳು ಸವೆದಿದ್ದವು. ಕಾಲಿಗೆ ದಪ್ಪ ಪ್ಯಾಡ್ ಕಟ್ಟಿದ ಯುವಕನೊಬ್ಬ ಗೋಲಿನ ಮುಂದೆ ನಿಂತು ಬಾಯಿ ತುಂಬ ನಗುತ್ತಿದ್ದ.

"ಇದನ್ನು ಅವನ ಜೊತೆ ಕಳಿಸುವ ಮಗಾ. ಇಡೀ ಕೌಲಾಲಂಪುರದಲ್ಲಿ ಅಂಥ ಗೋಲ್‌ಕೀಪರ್ ಇರಲಿಲ್ಲ" ಎಂದು ನಾರ್ಬರ್ಟ್ ಹಳೆಯದೊಂದು ಫೈನಲ್ ಪಂದ್ಯದ ಕತೆ ತೆಗೆದರು.

*

ಆಗ ಗೋಲ್‌ಕೀಪರನ ಮುಖಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಪೆನಾಲ್ಟಿ ಕಾರ್ನರಿನಲ್ಲಿ ಎದುರಾಳಿ ಹೊಡೆದ ಚೆಂಡು ನೇರ ಗಂಗಾಧರನ ಬಾಯಿಗೆ ಬಡಿಯಿತು. ಅವನು ಬೀಳಲಿಲ್ಲ. ರಕ್ತದ ಜೊತೆ ಮುಂದಿನ ಹಲ್ಲುಗಳನ್ನು ಹುಲ್ಲಿನ ಮೇಲೆ ಉಗಿದು ಅಲ್ಲೇ ನಿಂತ. ಜನ ಅವನ ಹೆಸರು ಹಿಡಿದು ಕೂಗಿದರು. ಅದೇ ಆಟಗಾರ ಮತ್ತೆ ಒಳನುಗ್ಗಿದಾಗ ಗಂಗಾಧರ ಚೆಂಡನ್ನು ಬಿಟ್ಟು ಅವನ ಮಂಡಿಗೆ ಸ್ಟಿಕ್ ಬೀಸಿದ. ಮೂಳೆ ಲಟಕ್ಕೆಂದಿತು. ಬಿದ್ದವನ ಬೆನ್ನಿಗೂ ಬಾರಿಸಿದ. ತಂಡದವರೆಲ್ಲ ಸೇರಿ ಎಳೆಯಬೇಕಾಯಿತು.

ಆಟದಿಂದ ಅವನನ್ನು ಕಾಯಂ ಹೊರಹಾಕಿದರು. ಮರುವರ್ಷ ಮದುವೆಯಾದ.

*

ಅಕ್ಷಯಾ ಬಲ್ಲದ್ದು ಆ ಸ್ಟಿಕ್ಕನ್ನು ಮಾತ್ರ. ಬ್ರಿಕ್‌ಫೀಲ್ಡ್ಸ್ ಬಡಾವಣೆಯ, ತಾನು ಬೆಳೆದ ಫ್ಲ್ಯಾಟಿನಲ್ಲಿ ಅದು ಬಾಗಿಲ ಹಿಂದೆ ಒರಗಿರುತ್ತಿತ್ತು. ರೇಡಿಯೋದಲ್ಲಿ ಒಮ್ಮೆ ಹೊಸ ಗೋಲ್‌ಕೀಪರನನ್ನು ಹೊಗಳುತ್ತಿದ್ದಾಗ ಅಮ್ಮ ಅಪ್ಪನನ್ನು ಊಟಕ್ಕೆ ಕರೆದಳು. ಕರೆದದ್ದೇ ತಪ್ಪಾಯಿತು. ಅವನ ಮೊದಲ ಏಟಿಗೆ ಅಮ್ಮನ ಮುಂಗೈ ಮುರಿಯಿತು. ನಡುವೆ ಬಂದ ಅಕ್ಷಯಾಳ ಬೆನ್ನಿಗೂ ಬಿತ್ತು. ಬಚ್ಚಲಲ್ಲಿ ಜಾರಿದೆ ಎಂದು ಅಮ್ಮ ಡಾಕ್ಟರಿಗೆ ಹೇಳಿದಳು.

ಅದೇ ಊರಿನ ಬಾಂಗ್ಸಾರ್‌ನಲ್ಲಿ ತನ್ನದೇ ಮನೆ ಮಾಡಿದ ಮೇಲೆ ಅಕ್ಷಯಾ ಎಷ್ಟು ಕರೆದರೂ ಅಮ್ಮ ಬರಲಿಲ್ಲ. ಲಾಕ್‌ಡೌನಿನಲ್ಲಿ ದಾರಿಗಳು ಮುಚ್ಚಿದವು. ಉಳಿದದ್ದು ಫೋನು. ಎಲ್ಲ ಆರಾಮ ಅನ್ನುತ್ತಿದ್ದ ಅಮ್ಮನ ದನಿಯ ಹಿಂದೆ ತಟ್ಟೆ ಗೋಡೆಗೆ ಅಪ್ಪಳಿಸುವ ಸದ್ದು ಕೇಳುತ್ತಿತ್ತು.

*

"ಮೈದಾನದಲ್ಲಿ ಇದ್ದಷ್ಟು ಹೊತ್ತು ಒಂದು ಚೆಂಡೂ ಒಳಗೆ ಬಿಡ್ಲಿಲ್ಲ, ಗೊತ್ತುಂಟಾ?" ಎಂದು ನಾರ್ಬರ್ಟ್ ಕತೆ ಮುಗಿಸಿ ಕಣ್ಣೊರೆಸಿಕೊಂಡರು.

ಅಮ್ಮನ ಸೆರಗು ಜಾರಿತು. ಕಿವಿಯ ಕೆಳಗೆ ಕತ್ತಿನುದ್ದಕ್ಕೂ ಹಸಿರುಗಟ್ಟಿದ ಬಾಸುಂಡೆ. ವಾರ ಕಳೆದಿರಲಾರದು. ಅಕ್ಷಯಾ ನಾರ್ಬರ್ಟರ ಕಡೆ ತಿರುಗಿ ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ನಾರ್ಬರ್ಟರ ಕೈಯಿಂದ ಕಾರ್ಡು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ಯಾರಿದು?"

"ನಮ್ಮ ಗಂಗ ಅಲ್ವಾ, ಗುಲಾಬಕ್ಕ."

ಅಮ್ಮ ಚಿತ್ರದ ಹಲ್ಲುಗಳ ಮೇಲೆ ಬೆರಳಾಡಿಸಿದಳು. "ಇವರನ್ನ ನಾನು ನೋಡ್ಲೇ ಇಲ್ಲ" ಅಂದಳು. ಆಮೇಲೆ ಕಾರ್ಡನ್ನು ಹಿಂದಕ್ಕೆ ಕೊಟ್ಟಳು. "ನಿಮ್ಮ ಹತ್ರಾನೇ ಇರ್ಲಿ. ಇವರನ್ನ ಯಾಕೆ ಸುಡೋದು?"

ನಾರ್ಬರ್ಟರ ಕಣ್ಣು ಆಗ ಅವಳ ಕತ್ತಿನ ಮೇಲೆ ಬಿತ್ತು. ಕಾರ್ಡು ಜೇಬು ಸೇರಿತು. ನೌಕರ ಮುಚ್ಚಳ ಬಡಿದು ಪೆಟ್ಟಿಗೆಯನ್ನು ಒಳಗೆ ತಳ್ಳಿದ.

ಅಮ್ಮನನ್ನು ಅಕ್ಷಯಾ ನೇರ ಬಾಂಗ್ಸಾರ್‌ಗೆ ಕರೆತಂದಳು. ಈ ಸಲ ಅಮ್ಮ ಬೇಡ ಅನ್ನಲಿಲ್ಲ. ಕಟ್ಟಡದ ಗೇಟಿನಲ್ಲಿ ಕಾವಲುಗಾರ ನಗುತ್ತ ಬಂದು, ಜ್ವರ ನೋಡುವ ಯಂತ್ರವನ್ನು ಅಮ್ಮನ ಹಣೆಯತ್ತ ಎತ್ತಿದ.

ಅಮ್ಮ ಎರಡೂ ತೋಳಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿ ಕುಸಿದಳು.

"ಸಾರಿ ಆಂಟಿ, ಏನಿಲ್ಲ" ಎಂದು ತಮಿಳಿನಲ್ಲಿ ಹೇಳುತ್ತ ಅವನು ಗಾಬರಿಯಿಂದ ಹಿಂದೆ ಸರಿದ. ಅಕ್ಷಯಾ ಅಮ್ಮನ ಪಕ್ಕದಲ್ಲಿ ಕೂತು, ಹಣೆಯ ಬದಲು ಮೊದಲು ತನ್ನ ಮಣಿಕಟ್ಟನ್ನು ಅವನ ಯಂತ್ರದ ಮುಂದೆ ಹಿಡಿದಳು. ಅದನ್ನು ನೋಡಿ ಅಮ್ಮನೂ ಮೆಲ್ಲಗೆ ಒಂದು ಕೈ ಚಾಚಿದಳು. ಇನ್ನೊಂದು ತೋಳು ಮುಖದ ಮೇಲೇ ಇತ್ತು.