ನಿಲ್ಲದ ಸೂಜಿ

ನಮ್ಮವರ ಆಲ್ಬಮ್ ಜೊತೆ ಒಂದು ಪುಟ್ಟ ಪುಸ್ತಿಕೆ ಕೊಡುತ್ತಾರೆ. ಎಂಟು ರಚನೆಗಳ ಹಿಂದಿನ ಪ್ರೇರಣೆ ಏನು ಅಂತ ಅದರಲ್ಲಿ ಅಚ್ಚಾಗಿದೆ. ಮೊದಲನೆಯದಕ್ಕೆ ಬೆಳಗಿನ ನದಿಯಂತೆ, ಎರಡನೆಯದಕ್ಕೆ ಮಂಜಂತೆ, ಐದನೆಯದಕ್ಕೆ ಒಂಟಿ ದೋಣಿಯಂತೆ. ಇವರು ನದಿ ನೋಡಿರುವುದೇ ಬಸ್ಸಿನ ಕಿಟಕಿಯಿಂದ. ಮಂಜು ಬಿದ್ದರೆ ಮಫ್ಲರ್ ಸುತ್ತಿಕೊಂಡು ಒಳಗೆ ಕೂರುತ್ತಾರೆ. ದೋಣಿ ಹತ್ತೋಣ ಅಂದರೆ ದಡ ಬಿಟ್ಟು ಕದಲುವುದಿಲ್ಲ. ಎಂಟೂ ಹಸಿ ಸುಳ್ಳು. ನಿಜ ಗೊತ್ತಿರುವುದು ಅವರಿಗೆ ಮತ್ತು ನನಗೆ, ನನಗೆ ಗೊತ್ತಾಗಿದ್ದೂ ದೊಡ್ಡದೊಂದು ಜಗಳ ಆದ ಮೇಲೆ.

ನಾನು ಹಳೆಯ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟುವವಳು. ಮೂರನೇ ಮಹಡಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಕಿಟಕಿ ಇರುವ ಕೋಣೆ ನನ್ನದು, ಸೂಜಿಗೆ ಬೆಳಕು ಬೇಕಲ್ಲ. ಒಳಗಿನದರಲ್ಲಿ ಅವರ ಪಿಯಾನೊ. ಮಧ್ಯದ ಬಾಗಿಲಿಗೆ ಅಡ್ಡವಾಗಿ, ಪುಸ್ತಕ ಒತ್ತುವ ನನ್ನ ಕಬ್ಬಿಣದ ಪ್ರೆಸ್ಸು ಕೂತಿದೆ. ಅದನ್ನು ಹೊತ್ತು ತಂದ ನಾಲ್ಕು ಜನ ಉಸ್ಸಪ್ಪ ಅಂತ ಇಳಿಸಿದ್ದು ಅಲ್ಲೇ, ಆಮೇಲೆ ಅದನ್ನು ಅಲುಗಿಸುವ ಗಂಡು ಹುಟ್ಟಲಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಆ ಬಾಗಿಲು ಮುಚ್ಚಿಲ್ಲ. ಇವರು ಬೆಳಿಗ್ಗೆ ಸಂಗೀತ ಶಾಲೆಯಲ್ಲಿ ಪಾಠ ಮಾಡಿ ಬಂದು, ಊಟ ಮುಗಿಸಿ, ಸಂಜೆಯವರೆಗೂ ಏನೋ ನುಡಿಸುತ್ತಾರೆ, ಬರೆಯುತ್ತಾರೆ, ಹೊಡೆದು ಹಾಕುತ್ತಾರೆ. ನಾನು ಈ ಕಡೆ ಹೊಲಿಯುತ್ತಿರುತ್ತೇನೆ, ಹೊಲಿದ ಪುಸ್ತಕದ ಬೆನ್ನನ್ನು ಸುತ್ತಿಗೆಯಿಂದ ತಟ್ಟುತ್ತಿರುತ್ತೇನೆ.

ಸಂಗೀತ ನನಗೆ ನಲ್ಲಿಯಲ್ಲಿ ನೀರು ಬರುವ ಸದ್ದಿದ್ದ ಹಾಗೆ. ಬಂದರೆ ಬಂತು, ನಿಂತರೆ ನಿಂತಿತು. ನಮ್ಮಕ್ಕ ಬಂದಾಗಲೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನಿನ್ನ ಗಂಡನ ಬಾಳು ಅಂತ ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಇವರಿಗೆ ಐವತ್ತಾರು ತುಂಬಿದ ಮೇಲೆ ಒಂದು ರೆಕಾರ್ಡಿಂಗ್ ಕಂಪನಿಯವರಿಗೆ ಇವರ ರಚನೆಗಳು ಹಿಡಿಸಿದವು. ಏಳನ್ನು ಆರಿಸಿಕೊಂಡರು. ಎಂಟನೆಯದೊಂದು ಹೊಸದು ಬೇಕು, ಆರು ವಾರದ ನಂತರ ಸ್ಟುಡಿಯೊ ಗೊತ್ತುಮಾಡಿದ್ದೇವೆ, ಅಷ್ಟರಲ್ಲಿ ಆಗದಿದ್ದರೆ ಮುಂದೆ ನೋಡೋಣ ಅಂದರು. 'ಮುಂದೆ ನೋಡೋಣ' ಎಂದರೆ ಏನು ಅಂತ ಈ ವಯಸ್ಸಿಗೆ ಇಬ್ಬರಿಗೂ ಗೊತ್ತು. ಮೊದಲ ಆಲ್ಬಮ್ಮೇ ಕೈತಪ್ಪಬಹುದಾದ ಗಳಿಗೆ ಅದು.

ಸುದ್ದಿ ಕೇಳಿ ಅಕ್ಕ ಫೋನ್ ಮಾಡಿದಳು. ಏಳರಲ್ಲಿ ಯಾವುದಾದರೂ ಒಂದನ್ನು ಗುನುಗು, ಕೇಳೋಣ ಅಂದಳು. ಬಾಯಿ ತೆರೆದೆ. ಏನೂ ಬರಲಿಲ್ಲ. ಎರಡು ಸ್ವರವೂ ಬರಲಿಲ್ಲ. ಅಕ್ಕ ನಕ್ಕಳು, ನಾನು ನಗಲಿಲ್ಲ. ಅವತ್ತು ನನಗೆ ನಿಜಕ್ಕೂ ನಾಚಿಕೆಯಾಯಿತು. ಕಟ್ಟಿಕೊಂಡವಳೇ ಕೇಳದ ಸಂಗೀತವನ್ನು ಊರವರು ಕೇಳಬೇಕೆ?

ಮಾರನೆಯ ದಿನದಿಂದಲೇ ಒಳ್ಳೆಯ ಹೆಂಡತಿಯಾಗಲು ಹೊರಟೆ. ಊಟವಾದ ಮೇಲೆ ಸೂಜಿ ದಾರ ಎತ್ತಿಟ್ಟು, ಕೈ ತೊಳೆದು, ಪಿಯಾನೊ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಇವರು ಒಮ್ಮೆ ನನ್ನ ಕಡೆ ನೋಡಿ, ಏನಾದರೂ ಬೇಕಿತ್ತಾ ಅಂತ ಕೇಳಿದರು. ಏನಿಲ್ಲ, ನುಡಿಸಿ ಅಂದೆ. ನುಡಿಸಿದರು. ಅಲ್ಲಲ್ಲಿ ತಲೆದೂಗಿದೆ, ಒಂದೆರಡು ಕಡೆ ಆಹಾ ಅಂದೆ. ಐದು ನಿಮಿಷದಲ್ಲಿ ನಿಲ್ಲಿಸಿ, ಬರೆದದ್ದನ್ನೆಲ್ಲ ಹೊಡೆದು ಹಾಕಿದರು. ಮರುದಿನವೂ ಅದೇ ಕತೆ. ನನಗೆ ತಲೆದೂಗುವ ಜಾಗ ತಪ್ಪುತ್ತಿದೆಯೇನೋ ಅಂದುಕೊಂಡು ಇನ್ನೂ ಗಮನವಿಟ್ಟು ಕೇಳಿದೆ. ಇನ್ನೂ ಕೆಟ್ಟಿತು. ಮೂರು ವಾರ ಕಳೆಯುವಷ್ಟರಲ್ಲಿ ಇವರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನನ್ನ ಕಪಾಟಿನಲ್ಲಿ ಹೊಲಿಯದ ಪುಸ್ತಕಗಳು ರಾಶಿ ಬಿದ್ದಿದ್ದವು.

ಆ ಹೊತ್ತಿಗೆ ಸರಿಯಾಗಿ ಪುಸ್ತಿಕೆ ಬರೆಯುವ ಹೆಂಗಸು ಕಂಪನಿಯಿಂದ ಬಂದಳು. ಚಹಾ ಕೊಟ್ಟು ನಾನೂ ಅಲ್ಲೇ ನಿಂತೆ. ಅವಳು ಒಂದೊಂದೇ ರಚನೆಯ ಹೆಸರು ಹೇಳಿ ಪ್ರೇರಣೆ ಏನು ಅಂತ ಕೇಳುವುದು, ಇವರು ಮೇಲೆ ಫ್ಯಾನಿನ ಕಡೆ ನೋಡಿ ನದಿ, ಮಂಜು, ದೋಣಿ ಅನ್ನುವುದು. ಮನೆಯವರ ಪಾಲು ಏನಾದರೂ ಇದೆಯೇ ಅಂತ ಕೊನೆಗೆ ಕೇಳಿದಳು. ಇವರು ನನ್ನ ಕಡೆ ನೋಡಿದರು, ಆಮೇಲೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಇದೆ ಅಂದರೆ ಇದೆ, ಹೇಳುವಂಥದ್ದಲ್ಲ ಅಂದರು.

ಅವಳು ಮೆಟ್ಟಿಲಿಳಿದ ಸದ್ದು ನಿಲ್ಲುವವರೆಗೂ ಕಾದೆ. ಮೊದಲೇ ನನಗೆ ಮೂಗಿನ ತುದಿಯಲ್ಲೇ ಕೋಪ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ, ದೋಣಿಗೆ ಜಾಗವಿದೆ, ನನಗಿಲ್ಲ ಅಂತ ಶುರುಮಾಡಿದವಳು ಮದುವೆಯ ದಿನದವರೆಗೂ ಹೋಗಿ ಬಂದೆ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ, ಮೂರು ವಾರದಿಂದ ನನ್ನ ಕೆಲಸ ಬಿಟ್ಟು ಎದುರಿಗೇ ಕೂತಿದ್ದೇನೆ, ಆದರೂ ನಿಮಗೆ ನಾನು ಲೆಕ್ಕಕ್ಕಿಲ್ಲವಲ್ಲ ಅಂದೆ.

"ಅದೇ ಕಣೇ ಕಷ್ಟ ಆಗಿರೋದು," ಅಂದರು. "ನೀನು ಕೂತಿರೋದೇ."

ನಾನು ಬಾಯಿ ತೆರೆಯುವ ಮೊದಲೇ ಎದ್ದು, ತಾವು ಕೂತಿದ್ದ ಪೆಟ್ಟಿಗೆಯಂಥ ಬೆಂಚಿನ ಮುಚ್ಚಳ ಎತ್ತಿ, ಹಳೆಯ ಹಾಳೆಗಳ ಕಟ್ಟೊಂದನ್ನು ನನ್ನ ಮಡಿಲಿಗೆ ಹಾಕಿದರು. ಕಂಪನಿಯವರು ಆರಿಸಿದ ಏಳು ರಚನೆಗಳ ಮೊದಲ ಕರಡುಗಳು. ಸ್ವರಗಳು ನನಗೆ ಓದಲು ಬರುವುದಿಲ್ಲ, ಆದರೆ ಪ್ರತಿ ಹಾಳೆಯ ಅಂಚಿನಲ್ಲೂ ಪೆನ್ಸಿಲಿನಲ್ಲಿ ಸಣ್ಣಗೆ ಬರೆದದ್ದು ಅಚ್ಚ ಕನ್ನಡದಲ್ಲಿತ್ತು. 'ಇಲ್ಲಿ ಸೂಜಿ ನಿಂತಿತು,' ಅದರ ಎದುರಿನ ಸ್ವರಗಳ ಸಾಲನ್ನು ಪೂರ್ತಿ ಹೊಡೆದು ಹಾಕಿದ್ದರು. 'ತಲೆಯೆತ್ತಿದಳು, ತೆಗೆಯಬೇಕು.' 'ನಿಂತಳು, ಆದರೆ ಕತ್ತರಿ ಹುಡುಕಲು. ತಪ್ಪು ನನ್ನದಲ್ಲ.' 'ಸುತ್ತಿಗೆ ತಡವರಿಸಿತು, ನನ್ನ ಎಡಗೈ ಜೋರಾಯಿತು.' ಒಂದರ ಕೆಳಗೆ, 'ಪುಸ್ತಕ ಪೂರ್ತಿ ಹೊಲಿದಳು, ಒಮ್ಮೆಯೂ ನಿಲ್ಲಲಿಲ್ಲ. ಇನ್ನು ಮುಟ್ಟಬಾರದು.' ಅದಕ್ಕೆ ಎರಡು ಸಲ ಅಡಿಗೆರೆ.

ಕೇಳಿ ಕೇಳಿ ಅಂತ ಸೆರಗು ಜಗ್ಗುವ ಸಂಗೀತ ತಮಗೆ ಬೇಡ ಅಂತ ಇವರು ಮೆಲ್ಲಗೆ ವಿವರಿಸಿದರು. ಒಬ್ಬರು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರುವಂಥದ್ದು ಬೇಕು. ನನ್ನ ಕೈ ನಿಂತರೆ ಸಂಗೀತ ಹೆಚ್ಚು ಮಾತಾಡಿತು ಅಂತ ಅರ್ಥ. ನನ್ನ ಕೈ ನಿಲ್ಲದಿದ್ದರೆ ಸರಿಯಾಯಿತು ಅಂತ. ಬೇರೆ ಯಾರ ಕೈಯನ್ನೂ ಇವರು ನಂಬುವುದಿಲ್ಲವಂತೆ.

ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. "ಅಂದ್ರೆ ಅಕ್ಕ ಹೇಳಿದ್ದೇ ಸರಿ. ನಾನು ಕೋಣ."

"ಕೋಣಾನೇ ಅಂತಿಟ್ಕೋ," ಅಂದರು. "ನಾನು ಬಾರಿಸಿದ್ದು ಆ ಕೋಣಕ್ಕೋಸ್ಕರಾನೇ."

ಮೊದಲೇ ಹೇಳಬಾರದಿತ್ತೇ ಅಂತ ಕೇಳಿದೆ. ಹೇಳಿದ್ದರೆ ನೀನು ಕೇಳಲು ಶುರುಮಾಡುತ್ತಿದ್ದೆ ಅಂದರು. ಅದೂ ನಿಜವೇ. ಈಗ ಹೇಳಿಯಾಗಿತ್ತು. ಪುಸ್ತಿಕೆಯಲ್ಲಿ ಇದನ್ನೇ ಹಾಕಿಸಲೇ ಅಂದದ್ದಕ್ಕೆ ಬೇಡ, ನದಿಯೇ ಇರಲಿ ಅಂದೆ. ನನ್ನ ಸೂಜಿಯ ವಿಷಯ ಊರಿಗೆಲ್ಲ ಯಾಕೆ?

ಮರುದಿನ ನಾನು ನನ್ನ ಮೇಜಿಗೆ ವಾಪಸ್ಸಾದೆ. ಆದರೆ ಒಮ್ಮೆ ತಿಳಿದದ್ದನ್ನು ತಿಳಿಯದ ಹಾಗೆ ಮಾಡಿಕೊಳ್ಳುವುದು ಹೇಗೆ? ಕಿವಿ ತಾನಾಗಿಯೇ ಆ ಕಡೆ ಹೋಗುತ್ತಿತ್ತು. ಎಲ್ಲಿ ನಿಂತುಬಿಡುತ್ತದೋ ಅಂತ ಭಯಪಟ್ಟು ಸೂಜಿಯನ್ನು ಓಡಿಸಿದೆ. ಒಳಗಿನಿಂದ ಇವರು, ನಾಟಕ ಮಾಡಬೇಡ, ಸುತ್ತಿಗೆ ನನ್ನ ತಾಳಕ್ಕೆ ಸರಿಯಾಗಿ ಬೀಳುತ್ತಿದೆ ಅಂದರು. ತಾಳ ತಪ್ಪಿಸಲು ಹೋಗಿ ಹೆಬ್ಬೆರಳು ಜಜ್ಜಿಕೊಂಡೆ. ಕಿವಿಗೆ ಹತ್ತಿ ಇಟ್ಟುಕೊಂಡೆ, ಅದು ಮೋಸ ಅಂದರು. ಸ್ಟುಡಿಯೊಗೆ ಹತ್ತೇ ದಿನ ಉಳಿದಿತ್ತು. ಎಂಟನೆಯದು ಆಗದ್ದಕ್ಕೆ ಇವರು ನನ್ನನ್ನು ದೂರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. ಇಪ್ಪತ್ತೆರಡು ವರ್ಷ ನನಗರಿವಿಲ್ಲದೆ ಕೊಟ್ಟದ್ದನ್ನು ಪ್ರೀತಿಯಿಂದ ಕೊಡಲು ಹೋಗಿ ನಾನೇ ಕೆಡಿಸಿದ್ದೆ.

ಹೀಗಿರುವಾಗ ಗ್ರಂಥಾಲಯದವರು ಒಂದು ದೊಡ್ಡ ಪಕ್ಷಿಚಿತ್ರಗಳ ಪುಸ್ತಕ ಕಳಿಸಿದರು. ಪೈಪು ಒಡೆದು ನೆನೆದು, ಹಾಳೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗಿತ್ತು. ಇದು ನಿಮ್ಮಿಂದ ಆಗದಿದ್ದರೆ ಯಾರಿಂದಲೂ ಆಗದು, ಎಸೆಯುತ್ತೇವೆ ಅಂತ ಗ್ರಂಥಪಾಲಕರು ಚೀಟಿ ಇಟ್ಟಿದ್ದರು. ಎಸೆಯುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೂಲೆಯೊಂದಕ್ಕೆ ಹದವಾಗಿ ತೇವ ಕೊಟ್ಟು, ತೆಳುವಾದ ಅಲಗು ತೂರಿಸಿ, ಉಸಿರು ಬಿಗಿಹಿಡಿದು ಒಂದು ಕೂದಲೆಳೆ ಸರಿಸುವುದು, ನಿಲ್ಲುವುದು, ಮತ್ತೆ ತೇವ. ಬಿಡಿಸಿದ ಹಾಳೆಯನ್ನು ನೀರು ಹೀರುವ ಒತ್ತುಕಾಗದದ ನಡುವೆ ಒಣಗಲು ಮಲಗಿಸುವುದು. ಮೊದಲ ದಿನ ನಾಲ್ಕು ಹಕ್ಕಿ ಹೊರಬಂದವು. ಎರಡನೆಯ ದಿನ ಒಂಬತ್ತು.

ಮೂರನೆಯದು ಭಾನುವಾರ, ಇವರಿಗೆ ಶಾಲೆ ಇರಲಿಲ್ಲ. ಬೆಳಿಗ್ಗೆ ನನ್ನ ಕೈಗೆ ಒಂದು ಕೊಕ್ಕರೆ ಬಂತು, ಅದಕ್ಕೆ ಒಂದು ಕಾಲಿಲ್ಲ. ಕಾಲಿದ್ದ ಚೂರು ಹರಿದು ಬೇರೆ ಯಾವುದೋ ಹಾಳೆಯ ಬೆನ್ನಿಗೆ ಅಂಟಿರಬೇಕು. ಗೂಬೆಯ ಬೆನ್ನು ನೋಡಿದೆ, ಮರಕುಟಿಗದ್ದು ನೋಡಿದೆ. ಕಡೆಗೆ ಅದು ಬಾತುಕೋಳಿಯ ಹಿಂದೆ ಇತ್ತು, ಬೆರಳುಗುರಿನಷ್ಟು ಅಗಲ. ಅದನ್ನು ಎಬ್ಬಿಸಿ ತಂದು, ತಿರುಗಿಸಿ, ಗೆರೆಗೆ ಗೆರೆ ಕೂಡಿಸಿ, ತೆಳು ಕಾಗದದ ಪಟ್ಟಿ ಹಚ್ಚಿ ಬೆನ್ನು ನೆಟ್ಟಗೆ ಮಾಡಿದೆ. ಕೊಕ್ಕರೆ ಎರಡು ಕಾಲಿನ ಮೇಲೆ ನಿಂತಿತು. ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು. ನನ್ನ ಪಕ್ಕದಲ್ಲಿ ಎರಡು ಲೋಟ ಚಹಾ ಕೆನೆಗಟ್ಟಿ ಕೂತಿತ್ತು, ಯಾವಾಗ ಬಂತೋ.

ಇವರು ಪ್ರೆಸ್ಸಿನ ಆಚೆ, ಬಾಗಿಲಲ್ಲಿ ನಿಂತಿದ್ದರು. "ಹೇಗಿತ್ತು?" ಅಂದರು.

"ಕಾಲು ಸಿಕ್ತು," ಅಂದೆ.

"ಅದಲ್ಲ. ಟ್ಯೂನು."

"ಯಾವ ಟ್ಯೂನು?"

ಅವರ ಮುಖದಲ್ಲಿ ಏನೋ ಸಡಿಲವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಕೂತವರು ಎಂಟನೆಯ ರಚನೆಯೊಂದನ್ನೇ ಮೂವತ್ತು ಸಲ ನುಡಿಸಿದ್ದರಂತೆ, ತಿದ್ದಿ ತಿದ್ದಿ ನುಡಿಸಿದ್ದರಂತೆ. ಕೆಳಗಿನ ಮನೆಯಾತ ಬಂದು ಬಾಗಿಲು ಬಡಿದು, ಭಾನುವಾರವಾದರೂ ಮಲಗಲು ಬಿಡಿ ಅಂತ ಬೈದು ಹೋಗಿದ್ದನಂತೆ. ಅದೂ ನನಗೆ ಗೊತ್ತಿಲ್ಲ. ಕೇಳಬೇಕೆಂದು ಇಷ್ಟು ಆಸೆಪಟ್ಟಿದ್ದೇ ತಪ್ಪಿಹೋಯಿತಲ್ಲ ಅಂತ ಒಂದು ಕ್ಷಣ ಅನ್ನಿಸಿತು. ಆದರೂ ಸುಳ್ಳು ಹೇಳುವ ಜಾಗ ಅದಾಗಿರಲಿಲ್ಲ.

"ಇಲ್ಲ ರೀ, ನಿಜವಾಗ್ಲೂ. ನಂಗೆ ಒಂದು ಸ್ವರಾನೂ ಕೇಳಿಸ್ಲಿಲ್ಲ."

ಇವರು ಪ್ರೆಸ್ಸನ್ನು ಬಳಸಿ ಬಂದು, ಕಾಗದದ ಚೂರುಗಳ ನಡುವೆ ನೆಲದ ಮೇಲೇ ಕೂತು, ಅಂಟು ಮೆತ್ತಿದ ನನ್ನ ಕೈಯನ್ನು ಹಾಗೆಯೇ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. ಗಂಡ ಹಗಲೆಲ್ಲ ನುಡಿಸಿದ್ದನ್ನು ಕೇಳಲೇ ಇಲ್ಲ ಅಂತ ಒಪ್ಪಿಕೊಂಡು ಇಷ್ಟು ದೊಡ್ಡ ಬಹುಮಾನ ಪಡೆದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಹಾಲು ಕುಡಿದಷ್ಟು ಸಂತೋಷವಾಯಿತು. ಈಗ ಒಂದು ಸಲ ನುಡಿಸಲೇ, ಕೂತು ಕೇಳುತ್ತೀಯಾ ಅಂತ ಕೇಳಿದರು. ಮೊದಲು ಹೋಗಿ ಬರೆದಿಡಿ, ಆಮೇಲೆ ನೋಡೋಣ, ನನಗಿನ್ನೂ ಹನ್ನೊಂದು ಹಕ್ಕಿ ಬಾಕಿಯಿವೆ ಅಂದೆ.