ಬೆಡ್‌ರೂಮಿನಲ್ಲಿ ಗುಬ್ಬಚ್ಚಿ ಹಾಡು

ಗಂಡ ತೌಹೀದ್ ತಂದಿಟ್ಟಿದ್ದ ಮೂರು ಪುಟ್ಟ ಸ್ಪೀಕರ್‌ಗಳನ್ನು ಸಾಮಿಯಾ ಬೆಳಿಗ್ಗೆಯಿಂದ ಮನೆಯ ವೈಫೈಗೆ ಜೋಡಿಸುತ್ತಿದ್ದಳು. ಹಾಲ್, ಅಡುಗೆಮನೆ, ಬೆಡ್‌ರೂಮ್ ಎಂದು ಅವಕ್ಕೆ ಹೆಸರು ಕೊಟ್ಟಳು. ಸಿಮ್ ಇಲ್ಲದ ಹಳೆಯ ಫೋನೊಂದರಲ್ಲಿ ಹಾಡಿನ ಆ್ಯಪ್ ಮಾತ್ರ ಉಳಿಸಿ, ಅದನ್ನೇ ರಿಮೋಟ್ ಮಾಡಿಕೊಂಡಿದ್ದಳು. ಯಾವ ಕೋಣೆಯ ಹೆಸರು ಒತ್ತಿದರೆ ಆ ಕೋಣೆಯಲ್ಲಿ ಹಾಡು.

ತೌಹೀದ್ ಶಿವಾಜಿನಗರದ ಅಂಗಡಿಗೆ ಹೋಗಿದ್ದ. ಎರಡೂವರೆ ವರ್ಷದ ಮಗಳು ಇಕ್ರಾ ಹಾಲ್‌ನಲ್ಲಿ ಬೊಂಬೆ ಹಿಡಿದು ಕೂತಿದ್ದಳು. ಪಕೋಡಕ್ಕೆಂದು ಒಲೆಯ ಮೇಲೆ ಎಣ್ಣೆ ಇಟ್ಟಿದ್ದ ಸಾಮಿಯಾ, ಅದು ಕಾಯುವಷ್ಟರಲ್ಲಿ ಬಾತ್‌ರೂಮಿನವರೆಗೂ ನೆಟ್‌ವರ್ಕ್ ಬರುತ್ತದೆಯೇ ನೋಡಿಬಿಡೋಣವೆಂದು ಆ ಫೋನ್ ಹಿಡಿದು ಒಳಗೆ ಹೋದಳು. ಗಾಳಿಗೆ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು. ತೆರೆಯಲು ಹೋದರೆ ಹಿಡಿಯೇ ಕಿತ್ತು ಕೈಗೆ ಬಂತು.

ಭುಜ ಕೊಟ್ಟು ನೂಕಿದಳು. ಬಾಗಿಲು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ನೆಲಕ್ಕೆ ಉಜ್ಜುವ ಸದ್ದಾಯಿತು. ಎಟುಕದ್ದೇನಾದರೂ ಬೇಕಾದಾಗ ಇಕ್ರಾ ಎಳೆದುಕೊಂಡು ಹೋಗುತ್ತಿದ್ದುದು ಅದನ್ನೇ.

"ಇಕ್ರಾ, ಇಧರ್ ಆ ಬೇಟಾ. ಅಮ್ಮೀ ಕನೆ ಆ," ಎಂದು ಮಗಳನ್ನು ತನ್ನ ಹತ್ತಿರಕ್ಕೆ ಕರೆದಳು.

ಅಮ್ಮ ಕಣ್ಣಾಮುಚ್ಚಾಲೆ ಆಡುತ್ತಿದ್ದಾಳೆಂದುಕೊಂಡು ಮಗು ನಕ್ಕಿತು. ಸ್ಟೂಲ್ ಮತ್ತೆ ಸರಿಯಿತು.

ಸಾಮಿಯಾ ಬೆಡ್‌ರೂಮ್ ಎಂಬಲ್ಲಿ ಒತ್ತಿ, ಮಗಳು ಕುಣಿಯುವ ಗುಬ್ಬಚ್ಚಿ ಹಾಡು ಹಾಕಿದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಆಮೇಲೆ ಸ್ಪೀಕರ್‌ನ ಹೆಸರೇ ಮಾಯವಾಯಿತು. ಫೋನನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದಳು. ಹೆಸರು ಬಂತು, ಹೋಯಿತು, ಮತ್ತೆ ಬಂತು. ಒತ್ತಿದಳು.

ಬೆಡ್‌ರೂಮಿನಲ್ಲಿ ಹಾಡು ಶುರುವಾಯಿತು. ಸ್ಟೂಲಿನ ಸದ್ದು ನಿಂತಿತು. ಪುಟ್ಟ ಹೆಜ್ಜೆಗಳು ಬಾತ್‌ರೂಮಿನ ಮುಂದೆಯೇ ಓಡಿ ಹೋದವು.

ಆದರೆ ಎಣ್ಣೆ ಸುಡುವ ವಾಸನೆ ಬರತೊಡಗಿತ್ತು. ಯಾರಾದರೂ ಬರಲೇಬೇಕಿತ್ತು. ಸಾಮಿಯಾ ಹಾಲ್‌ನ ಸ್ಪೀಕರನ್ನೂ ಸೇರಿಸಿ ಸದ್ದನ್ನು ಪೂರ್ತಿ ಏರಿಸಿದಳು. ಮಗು ಹೆದರಿ ಅಳುತ್ತಾ ಬಾತ್‌ರೂಮಿನ ಬಾಗಿಲಿಗೇ ಬಂತು. ಅವಳು ನೆಲಕ್ಕೆ ಕೂತು ಬಾಗಿಲ ಅಡಿಯಿಂದ ಬೆರಳು ತೂರಿಸಿದಳು. ಇಕ್ರಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಹಡಿಯ ಮೇಲಿದ್ದ ಮನೆ ಓನರ್ ಪಟಾಲಮ್ಮ ಗೊಣಗುತ್ತಾ ಇಳಿದು ಬಂದರು. "ಏನ್ ಸಾಮಿಯಾ ಇದು? ಮಧ್ಯಾಹ್ನ ಒಂದ್ ಗಳಿಗೆ ಮಲ್ಗೋಕ್ ಬಿಡಲ್ವಾ?"

"ಆಂಟಿ, ಗ್ಯಾಸ್ ಆಫ್ ಮಾಡಿ. ಮೊದ್ಲು ಗ್ಯಾಸ್. ನಾನ್ ಬಾತ್‌ರೂಮಲ್ಲಿ ಸಿಕ್ಕಾಕೊಂಡಿದೀನಿ."

ಹಾಡಿನ ಅಬ್ಬರದಲ್ಲಿ ಅದನ್ನು ಎರಡು ಸಲ ಕೂಗಬೇಕಾಯಿತು. ಪಟಾಲಮ್ಮ ಮುಂಬಾಗಿಲ ಗ್ರಿಲ್ ಸಂದಿಯಿಂದ ಕೈ ಹಾಕಿ ಚಿಲಕ ತೆಗೆದು ಒಳಗೆ ಓಡಿದರು. ಒಲೆ ಆರಿಸಿ, ಕೆಮ್ಮುತ್ತಲೇ ಬಂದು ಹೊರಗಿನ ಹಿಡಿ ತಿರುಗಿಸಿದರು. ಬಾಗಿಲು ತೆರೆದುಕೊಂಡಿತು.

ಅಡುಗೆಮನೆ ತುಂಬ ಹೊಗೆ. ಬಾಣಲೆ ಕಪ್ಪಾಗಿತ್ತು. ಸ್ಟೂಲ್ ಒಲೆಕಟ್ಟೆಗೆ ತಾಗಿಕೊಂಡೇ ನಿಂತಿತ್ತು. ಅದನ್ನು ನೋಡಿದ ಸಾಮಿಯಾ ಮಗಳನ್ನು ಎತ್ತಿ ಎದೆಗೆ ಅವಚಿಕೊಂಡಳು.

"ಬೈಯೋಕ್ ಬಂದೆ ಕಣಮ್ಮ ನಾನು," ಎಂದರು ಪಟಾಲಮ್ಮ, ಸ್ಪೀಕರ್‌ಗಳ ಪ್ಲಗ್ ಕೀಳುತ್ತಾ. "ಕೂತ್ಕೋ. ನೀರ್ ಕುಡಿ."

ಸಂಜೆ ಬಂದ ತೌಹೀದ್, "ಸ್ಪೀಕರ್ ಹೇಗಿದೆ?" ಎಂದು ಕೇಳಿದ. ಸಾಮಿಯಾ ಕಿತ್ತು ಬಂದಿದ್ದ ಬಾಗಿಲ ಹಿಡಿಯನ್ನು ಅವನ ಕೈಗಿಟ್ಟಳು. ತೊಡೆಯ ಮೇಲೆ ನಿದ್ದೆ ಹೋಗಿದ್ದ ಮಗಳನ್ನು ಅವಳು ಇನ್ನೂ ಕೆಳಗೆ ಮಲಗಿಸಿರಲಿಲ್ಲ.