ಹಸಿರು ಡಬ್ಬಿ

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಹದ್ದಿನಕಣ್ಣು ಎಂದೇ ಕರೆಯುತ್ತಿದ್ದರು. ಔಷಧಿ ಬಾಟಲಿಯದಿರಲಿ, ಸಾಬೂನಿನದಿರಲಿ, ಯಾವ ಲೇಬಲ್ಲೂ ಅವಳ ಮೇಜು ದಾಟದೆ ಅಚ್ಚಿಗೆ ಹೋಗುತ್ತಿರಲಿಲ್ಲ. ಕೆಂಪು ಪೆನ್ನು ಹಿಡಿದು ಅಕ್ಷರ ಅಕ್ಷರ ನೋಡಿ, ಕೆಳಗೆ ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದಳೆಂದರೆ ಮಾಲೀಕರೂ ತುಟಿಪಿಟಕ್ ಅನ್ನುತ್ತಿರಲಿಲ್ಲ.

ಅವಳು ಹಾಲು, ಬೆಣ್ಣೆ, ಮೊಟ್ಟೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವರ ಮನೆಯ ಹಿಂದೆಯೇ ಹಾಲಿನ ಫಾರಂ ಇತ್ತು. ಕರುವನ್ನು ಬೇರೆ ಕಡೆ ಸಾಗಿಸಿದ ದಿನ ಗೋಡೆಯಾಚೆ ಹಸು ಕೂಗಿದ್ದು ಅವಳ ಕಿವಿ ಬಿಟ್ಟು ಹೋಗಲೇ ಇಲ್ಲ. ಇನ್ನೊಬ್ಬರ ಮಗುವಿನ ಪಾಲು ನನಗೆ ಬೇಡ ಎಂದು ಬಿಟ್ಟವಳು ಬಿಟ್ಟೇಬಿಟ್ಟಳು. ಅತ್ತೆಗೆ ಇದು ನುಂಗಲಾರದ ಬಿಸಿತುಪ್ಪ. ಸೊಸೆ ಆ ತುಪ್ಪವನ್ನೂ ಮುಟ್ಟುವವಳಲ್ಲ ಬಿಡಿ.

ಬಸುರಾದಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. “ಹಾಲು, ಮೊಟ್ಟೆ ತಿನ್ನದವರಿಗೂ ಚೆನ್ನಾಗಿರೋ ಮಕ್ಕಳು ಹುಟ್ತಾರೆ. ಆದ್ರೆ ಬಿ12 ಅನ್ನೋದು ಕಾಳು ಸೊಪ್ಪಿನಲ್ಲಿ ಸಿಗಲ್ಲ. ಈ ಮಾತ್ರೆ ಬಿಡಬೇಡಿ, ಮಗು ಎದೆಹಾಲು ಬಿಡೋವರೆಗೂ.”

ಒಂದು ತಿಂಗಳು ನುಂಗಿದಳು. ಆಮೇಲೊಂದು ದಿನ, ಅಭ್ಯಾಸಬಲ ನೋಡಿ, ಬಾಟಲಿಯ ಹಿಂಬದಿಯ ಸಣ್ಣಕ್ಷರ ಓದಿದಳು. ಮಾತ್ರೆಯ ಕವಚ ಜಿಲಾಟಿನ್‌ನದು. ಪ್ರಾಣಿಗಳ ಮೂಳೆ, ಚರ್ಮ ಬೇಯಿಸಿ ತೆಗೆದದ್ದು. ಬಾಟಲಿ ಬೀರುವಿನ ಮೇಲಕ್ಕೆ ಹೋಯಿತು. ಅದರ ಜಾಗಕ್ಕೆ ಒಂದು ಹಸಿರು ಡಬ್ಬಿ ಬಂತು: ನೀರಿನ ಪಾಚಿ ಒಣಗಿಸಿ ಮಾಡಿದ ಪುಡಿ. ‘ಬಿ12 ಹೇರಳವಾಗಿದೆ’ ಎಂಬ ಅದರ ಲೇಬಲ್ಲು ಅವಳ ಮೇಜಿನಿಂದಲೇ ಹೋದದ್ದು. ತಾನೇ ಸಹಿ ಹಾಕಿದ್ದರ ಬಗ್ಗೆ ಡಾಕ್ಟರಮ್ಮನನ್ನು ಕೇಳುವುದೇನಿದೆ? ದಿನಾ ಬೆಳಿಗ್ಗೆ ಒಂದು ಚಮಚ ನೀರಿಗೆ ಕಲಸಿ ಕುಡಿದಳು. ಯಾರಿಗೂ ಹೇಳಲಿಲ್ಲ.

ಹೆಣ್ಣು ಮಗು ಹುಟ್ಟಿತು. ಮೂರು ತಿಂಗಳಿಗೆಲ್ಲ ಅತ್ತೆ ಬೀಗದಕೈ ಗೊಂಚಲು ಅಲ್ಲಾಡಿಸಿದರೆ ಸಾಕು, ಮೈಯೆಲ್ಲ ಕುಣಿಸಿ ನಗುತ್ತಿತ್ತು. ಅತ್ತೆ ಅದಕ್ಕೆ ಗಿಲಕಿ ಎಂದು ಹೆಸರಿಟ್ಟರು.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅತ್ತೆ ಹಾಲಿನ ಲೋಟ ತಂದು ಮುಂದಿಟ್ಟರು. “ಎಷ್ಟು ಸೊರಗಿದ್ದೀಯ ನೋಡು. ಒಂದು ಲೋಟ ಕುಡಿದ್ರೆ ನಿನ್ನ ಗಂಟೇನು ಹೋಗುತ್ತೆ?”

ನಿದ್ದೆಗೆಟ್ಟಿದ್ದ ಅವಳು ಸಿಡಿದಳು. “ಅತ್ತೆ, ಇನ್ಮೇಲೆ ನನ್ನ ಊಟದ ವಿಷಯಕ್ಕೂ ನನ್ನ ಮಗುವಿನ ವಿಷಯಕ್ಕೂ ಬಾಯಿ ಹಾಕ್ಬೇಡಿ.”

ಅತ್ತೆ ಲೋಟ ಎತ್ತಿಕೊಂಡು ಹೋದರು. ಅಂದಿನಿಂದ ಬಾಯಿಗೆ ಬೀಗ ಜಡಿದುಕೊಂಡರು.

ಐದನೇ ತಿಂಗಳಿಗೆ ಅವಳು ಕೆಲಸಕ್ಕೆ ಮರಳಿದಳು. ಮಧ್ಯಾಹ್ನ ಓಡಿಬಂದು ಹಾಲೂಡಿಸಿ ಓಡಿಹೋಗುವುದು. ಮಗು ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ, ಮಲಗಿಸಿದಲ್ಲೇ ಮಲಗಿರುತ್ತಿತ್ತು. “ನಮ್ಮ ಗಿಲಕಿಯಂಥ ಜಾಣಮರಿ ಇಲ್ಲ” ಎಂದು ಪ್ರೆಸ್ಸಿನಲ್ಲೆಲ್ಲ ಹೇಳಿಕೊಂಡಳು. ಅಯ್ಯೋ, ಅದು ಜಾಣತನವಾಗಿರಲಿಲ್ಲ.

ಏಳನೇ ತಿಂಗಳಲ್ಲಿ ತೂಕ ನೋಡಲು ಹೋದಾಗ ನರ್ಸು ಮಗುವನ್ನು ಕೂರಿಸಿದಳು. ತಲೆ ಎದೆಯ ಮೇಲೆ ಬಿತ್ತು. ನರ್ಸು ನಗುವುದನ್ನು ನಿಲ್ಲಿಸಿ ಡಾಕ್ಟರಮ್ಮನನ್ನು ಕರೆದಳು. ತಾಯಿಯದೂ ಮಗುವಿನದೂ ರಕ್ತ ತೆಗೆದು ನೋಡಿದರು. ಇಬ್ಬರಲ್ಲೂ ಬಿ12 ಇಲ್ಲವೆನ್ನುವಷ್ಟು ಕಡಿಮೆ.

“ಮಾತ್ರೆ ತಗೊಳ್ತಿದ್ರಾ?” ಎಂದರು ಡಾಕ್ಟರಮ್ಮ.

ಅವಳು ಚೀಲದಿಂದ ಹಸಿರು ಡಬ್ಬಿ ತೆಗೆದಿಟ್ಟಳು. ಅವರು ಅದನ್ನು ಓದಿ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಪಾಚಿಯಲ್ಲಿರೋದು ಬಿ12 ಥರ ಕಾಣೋ ಬೇರೆ ವಸ್ತು. ನಮ್ಮ ಮೈಗೆ ಅದರಿಂದ ಉಪಯೋಗ ಇಲ್ಲ. ನೀವು ಹಾಲು ಬಿಟ್ಟಿದ್ದು ತಪ್ಪಲ್ಲಮ್ಮ. ಜಿಲಾಟಿನ್ ಇಲ್ಲದ ಮಾತ್ರೆ ಪಕ್ಕದ ಅಂಗಡೀಲೇ ಸಿಗುತ್ತೆ. ಒಂದು ಮಾತು ಕೇಳಬಾರದಿತ್ತಾ?”

“ಅದರ ಮೇಲೆ ಬರೆದಿತ್ತು ಡಾಕ್ಟ್ರೇ. ನಾನೇ ನೋಡಿ ಸಹಿ ಹಾಕಿದ್ದೆ” ಎಂದಳು. ಹೇಳುತ್ತಿರುವಾಗಲೇ ಅವಳಿಗೆ ಹೊಳೆಯಿತು. ಅವಳು ನೋಡಿದ್ದು ಅಕ್ಷರಗಳನ್ನು. ಮಾತು ನಿಜವೋ ಸುಳ್ಳೋ ಎಂದು ನೋಡುವುದು ಎಂದೂ ಅವಳ ಕೆಲಸವಾಗಿರಲಿಲ್ಲ.

ಇಬ್ಬರಿಗೂ ಇಂಜೆಕ್ಷನ್ ಶುರುವಾಯಿತು. ಎದೆಹಾಲು ನಿಲ್ಲಿಸಬೇಡಿ ಎಂದರು. ವಾರ ಕಳೆಯುವುದರೊಳಗೆ ಮಗು ಹಸಿವಿಗೆ ಕಿರುಚಿ ಅತ್ತಿತು. ಆ ಅಳು ಕೇಳಿ ಮನೆಯವರೆಲ್ಲ ಅತ್ತರು. ಎರಡು ತಿಂಗಳಿಗೆ ಕತ್ತು ನಿಂತಿತು. ನಗು ಮಾತ್ರ ಬರಲಿಲ್ಲ. “ಕಳೆದುಹೋದದ್ದು ಪೂರ್ತಿ ವಾಪಸ್ ಬರುತ್ತೋ ಇಲ್ವೋ, ಈಗಲೇ ಹೇಳಕ್ಕಾಗಲ್ಲ. ಇನ್ನೂ ಸ್ವಲ್ಪ ಬೇಗ ಬಂದಿದ್ರೆ...” ಎಂದು ತಪಾಸಣೆಗೆ ಹೋದ ದಿನ ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಿದರು.

ಅಂದು ಸಂಜೆ ಅವಳು ಕೆಲಸದಿಂದ ಬಂದಾಗ ಅತ್ತೆ ಚಾಪೆಯ ಮೇಲೆ ಕೂತು ಬೀಗದಕೈ ಅಲ್ಲಾಡಿಸುತ್ತಿದ್ದರು. ಇಷ್ಟು ದಿನ ಅವಳು ಒಂದು ಕೊಂಕುಮಾತಿಗಾಗಿ ಕಾದಿದ್ದಳು. ಅದು ಬಾರದಿರುವುದೇ ಅವಳನ್ನು ತಿನ್ನುತ್ತಿತ್ತು.

“ನನ್ನನ್ನ ಬೈದುಬಿಡಿ ಅತ್ತೆ.”

ಅತ್ತೆ ತಲೆಯೆತ್ತಲಿಲ್ಲ. “ಬೈಯೋಕೆ ನನಗ್ಯಾವ ಮುಖ ಇದೆ? ಆಸ್ಪತ್ರೆಗೆ ಹೋಗೋಕ್ಕಿಂತ ಎರಡು ತಿಂಗಳು ಮುಂಚೇನೇ ಮಗು ಇದಕ್ಕೆ ತಿರುಗೋದು ಬಿಟ್ಟಿತ್ತು. ನೀನು ಆ ಕಡೆ ಹೋದ್ಮೇಲೆ ದಿನಾ ಅಲ್ಲಾಡಿಸಿ ನೋಡ್ತಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಬೇಡ ಅಂದಿದ್ದೆಯಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಅದೊಂದೇ ಅಲ್ಲ ಕಣಮ್ಮ. ಮೊದಲ ವಾರ, ಅವಳಿಗೇ ಗೊತ್ತಾಗ್ಲಿ ಅನ್ನೋ ಹಟ. ಆಮೇಲೆ ಭಯ. ಹೇಳಿಬಿಟ್ರೆ ನಿಜ ಆಗಿಬಿಡುತ್ತೇನೋ ಅಂತ.”

ಅವಳಿಗೆ ಕೋಪ ಬರಲಿಲ್ಲ. ಕೋಪ ಬರುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಚಾಪೆಯ ಮೇಲೆ ಅತ್ತೆಯ ಮಗ್ಗುಲಿಗೆ ಕುಸಿದು ಕೂತಳು. “ಇನ್ಮೇಲೆ ನಿಮಗೆ ಕಂಡಿದ್ದೆಲ್ಲ ಹೇಳಿ. ನಾನು ಏನಂದ್ರೂ ಹೇಳಿ.”

“ಈಗಲೇ ಒಂದು ಹೇಳ್ಲಾ?”

“ಹೇಳಿ.”

“ಕರೆದ್ರೆ ತಿರುಗುತ್ತೆ. ಆದ್ರೆ ಮುಖ ನೋಡಲ್ಲ. ನಂದೂ ಇಲ್ಲ, ನಿಂದೂ ಇಲ್ಲ.”

ಹದ್ದಿನಕಣ್ಣು ಅದನ್ನು ಕಂಡಿರಲಿಲ್ಲ. ಮಗುವಿನ ಎದುರಿಗೆ ಸರಿದು, ಅದರ ಕೆನ್ನೆ ಸವರಿ, “ಗಿಲಕೀ” ಎಂದು ಕರೆದಳು. ಮಗು ತಿರುಗಿತು. ಅವಳ ಹೆಗಲಿನಾಚೆಯ ಗೋಡೆಯನ್ನು ನೋಡುತ್ತಿತ್ತು.